ನಮ್ಮ ಊರಿನ ಚರಿತ್ರೆ ಯಾರ ಕಪಾಟಿನಲ್ಲಿ?

ಕಳೆದ ತಿಂಗಳು ಪಿಎಚ್.ಡಿ. ಪದವಿಗಾಗಿ ಓದುತ್ತಿರುವ ಹೆಣ್ಣುಮಗಳೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು. ಈ ಊರಿನ ಹಳೆಯ ಗಿರಣಿ, ಅದರ ಸುತ್ತ ಹುಟ್ಟಿದ ಕೇರಿಗಳು, ಸಂಬಳದ ದಿನವನ್ನೇ ನಂಬಿ ಬದುಕಿದ ಅಂಗಡಿಗಳು, ಗಿರಣಿಯ ಬಣ್ಣದ ನೀರು ಹರಿದು ಸೇರುತ್ತಿದ್ದ ಹಳ್ಳ, ಇವನ್ನೆಲ್ಲ ಕುರಿತು ಪ್ರಬಂಧ ಬರೆಯುತ್ತಾಳಂತೆ. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿದಳು. ಕಪಾಟು ತೆರೆದು ಕೊಟ್ಟೆವು. ಮೂರು ವರ್ಷದ ಕಟ್ಟನ್ನು ಪೂರ್ತಿ ಗೆದ್ದಲು ತಿಂದಿತ್ತು. ಆಕೆ ಏನೂ ಅನ್ನಲಿಲ್ಲ. ತಲೆ ತಗ್ಗಿಸಿದವರು ನಾವು.

ಸಂಜೆ ಪಾಳಿ ಬಿಟ್ಟು ಬಂದ ಸಂಗಾತಿಗಳಿಗೆ ಈ ಸುದ್ದಿ ಹೇಳಿದೆವು. ಒಬ್ಬರು ನೇರವಾಗಿಯೇ ಕೇಳಿದರು: “ಮೇಷ್ಟ್ರೇ, ಆಯಮ್ಮನಿಗೆ ಡಾಕ್ಟರ್ ಪದವಿ ಸಿಗುತ್ತೆ. ನಮಗೇನು ಸಿಗುತ್ತೆ?”

ಪ್ರಶ್ನೆ ನ್ಯಾಯವಾದದ್ದೇ. ಬರೆದುಕೊಂಡು ಹೋಗಲು ಬಂದವರನ್ನು ಬಡವರು ಬಹಳ ಮಂದಿಯನ್ನು ಕಂಡಿದ್ದಾರೆ. ಹಿಂದೆ ಶ್ಯಾನುಭೋಗರು ಬಂದರು, ಆಮೇಲೆ ಗಣತಿಯವರು, ತೆರಿಗೆಯವರು. ಬರೆದುಕೊಂಡವರು ತಿರುಗಿ ಬರಲಿಲ್ಲ. ತಿರುಗಿ ಬಂದದ್ದು ನೋಟೀಸು. ಹೀಗಿರುವಾಗ ಪುಸ್ತಕ ಹಿಡಿದು ಬಂದ ಹುಡುಗಿಯನ್ನು ಅನುಮಾನದಿಂದ ನೋಡಿದರೆ ತಪ್ಪೇನು? ಆದರೂ ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಹಳೆಯ ಸಂಗತಿ ಮಂಡ್ಯದ ಸೀಮೆಯಲ್ಲಿ ನಡೆದಿದೆ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನಕ್ಕೆ ತೊಡಗಿದರು. ಬಂದದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ. (ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಇದು ಅಸಲು ಮ್ಯಾಂಚೆಸ್ಟರು.) ಆಕೆ ದೊಡ್ಡ ಮನೆತನದ ಬಿಡುವಿನ ವಿದ್ವಾಂಸೆಯಲ್ಲ. ಹಿಟ್ಲರನ ಹಾವಳಿಗೆ ಹೆದರಿ ವಿಯೆನ್ನಾ ಬಿಟ್ಟು ಓಡಿಬಂದ ಯೆಹೂದಿ ಹುಡುಗಿ. ಇಂಗ್ಲೆಂಡಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಓದಿ ಮೇಲೆ ಬಂದವರು. ದುಡಿಯುವವರಿಗಾಗಿ 1899ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಥಾಪನೆಯಾದ ರಸ್ಕಿನ್ ಕಾಲೇಜಿನಲ್ಲಿ ಕಲಿತವರು.

ಆ ಎರಡು ಹಳ್ಳಿಗಳಿಗೆ ಪುಸ್ತಕದಲ್ಲಿ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟರು. ಮಾತನಾಡಿದ ಜನಕ್ಕೆ ನಾಳೆ ತೊಂದರೆಯಾಗಬಾರದಲ್ಲ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಆ ಸೀಮೆಗೆ ಹರಿದಿತ್ತು. 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿ ಕಬ್ಬು ಕೊಳ್ಳಲು ಕಾದಿತ್ತು. ವಂಗಲದ ಜಮೀನಿಗೆ ನೀರು ಹತ್ತಿತು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಒಂದಾಳು ಎರಡಾಳು ಎತ್ತರದ ಮಾತು ಇದು ಎನ್ನಬಹುದು. ಆದರೆ ಎರಡು ಊರುಗಳ ಹಣೆಬರಹವೇ ಬೇರೆಯಾಯಿತು.

ನೀರು ಬಂದ ಊರು ಹೊಸ ಊರಾಗುತ್ತದೆ ಎಂದಲ್ಲವೆ ನಾವೆಲ್ಲ ಎಣಿಸುವುದು? ಎಪ್‌ಸ್ಟೈನ್ ಕಂಡದ್ದು ಬೇರೆ. ವಂಗಲದಲ್ಲಿ ಭತ್ತ, ಕಬ್ಬು, ಹಣ ಎಲ್ಲ ಬಂತು. ಒಡೆಯ ಒಡೆಯನಾಗಿ, ಆಳು ಆಳಾಗಿ ಉಳಿದರು. ಹೊಲದಲ್ಲೇ ಕೈತುಂಬ ಕೆಲಸವಿದ್ದವರಿಗೆ ಹಳೆಯ ಕಟ್ಟು ಬಿಚ್ಚುವ ಅಗತ್ಯ ಬೀಳಲಿಲ್ಲ. ನೀರು ಸಿಗದ ದಲೇನದವರು ಊರಾಚೆ ಕಣ್ಣು ಹಾಯಿಸಿದರು: ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು, ಮಂಡ್ಯದ ಕಾರ್ಖಾನೆ ಕಚೇರಿಗಳಿಗೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು. ಪರಂಪರೆಯ ಆಳು-ಒಡೆಯ ಸಂಬಂಧ ಅಲ್ಲಿ ಸಡಿಲವಾಯಿತು.

ವಂಗಲದ ಒಂದು ಪ್ರಸಂಗವನ್ನು ಹೇಳಲೇಬೇಕು. ಆದಿ ಕರ್ನಾಟಕರು ನಾಟಕವಾಡಿದರು. ರಾಜನ ಪಾತ್ರದವನು ಸಿಂಹಾಸನದ ಮೇಲೆ ಕುಳಿತದ್ದು ಊರ ಒಕ್ಕಲುಗಳಿಗೆ ಸಹಿಸಲಿಲ್ಲ. ಅವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಲಾಕೌಟ್ ಎಂದರೇನೆಂದು ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಹೊಲದಲ್ಲೂ ಉಂಟು ಎಂಬುದಕ್ಕೆ ಸಾಕ್ಷಿಯಾಗಿ ಈ ಪ್ರಸಂಗ ದಾಖಲೆಯಾಗಿ ಉಳಿಯಿತು. ಪುಸ್ತಕ 1962ರಲ್ಲಿ ಪ್ರಕಟವಾಯಿತು. 1970ರಲ್ಲಿ ಆಕೆ ಅದೇ ಹಳ್ಳಿಗಳಿಗೆ ಮತ್ತೆ ಬಂದರು. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಂದಿಗಿಂತ ಹೆಚ್ಚಿದ್ದನ್ನು ಕಂಡು, 1973ರಲ್ಲಿ ಅದನ್ನೂ ಅಚ್ಚು ಹಾಕಿಸಿದರು. ಭಾಷಣದಲ್ಲಿ ನಾವು ಇದನ್ನೇ ಹೇಳಿದರೆ “ಪಕ್ಷದವರ ಮಾತು” ಎಂದು ತಳ್ಳಿಹಾಕುತ್ತಾರೆ. ಮನೆಮನೆಯ ಜಮಾಖರ್ಚು ಬರೆದಿಟ್ಟುಕೊಂಡವರ ಮಾತನ್ನು ಹಾಗೆ ತಳ್ಳುವುದು ಕಷ್ಟ. ನಮಗೇನು ಸಿಗುತ್ತೆ ಎಂದವರಿಗೆ ಮೊದಲ ಉತ್ತರ ಇದು.

ಗಿರಣಿಯವರ ಬಗ್ಗೆಯೂ ಕೆಲಸವಾಗಿಲ್ಲವೆಂದಲ್ಲ. ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರನ್ನು ಕುರಿತ ಜಾನಕಿ ನಾಯರ್ ಅವರ ಪುಸ್ತಕ 1998ರಲ್ಲಿ ಹೊರಬಂತು. ಆದರೆ ನಮ್ಮಂಥ ಜಿಲ್ಲಾ ಪಟ್ಟಣಗಳ ಗತಿ? ನಮ್ಮ ಹಳೆಯ ಗಿರಣಿಯ ಹಾಜರಿ ಪುಸ್ತಕಗಳು ರದ್ದಿ ಅಂಗಡಿಗೆ ಹೋದದ್ದನ್ನು ಕಣ್ಣಾರೆ ಕಂಡವರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಸಂಗ್ರಹಿಸಿದ ಟಿಪ್ಪಣಿಗಳ ಪ್ರತಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಬಿದ್ದು ಸುಟ್ಟವು. ಅವರು ನೆನಪಿನ ಬಲದಿಂದಲೇ ಪುಸ್ತಕ ಬರೆದು 1976ರಲ್ಲಿ ಹೊರತಂದರು. ನಮ್ಮ ಮಗ್ಗದ ಹಿರಿಯರಿಗೂ ಅಂಥ ನೆನಪುಂಟು, ಬರೆದವರಿಲ್ಲ. ಒಬ್ಬೊಬ್ಬರಾಗಿ ಸ್ಮಶಾನಕ್ಕೆ ಒಯ್ಯುತ್ತಿದ್ದಾರೆ.

ಇನ್ನು ವಿಶ್ವವಿದ್ಯಾಲಯದವರಿಗೂ ಸರ್ಕಾರಕ್ಕೂ ನಮ್ಮ ತಕರಾರು ಇದೆ. ಯು.ಜಿ.ಸಿ. ನಿಯಮದ ಪ್ರಕಾರ ಪ್ರಬಂಧದ ಗಣಕ ಪ್ರತಿಯನ್ನು ಒಪ್ಪಿಸಬೇಕು. ಶೋಧಗಂಗಾ ಎಂಬ ಭಂಡಾರದಲ್ಲಿ ಅವು ಸಿಗುತ್ತವೆ. ಒಳ್ಳೆಯದು. ಆದರೆ ನಮ್ಮ ಹಳ್ಳದ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಹಳ್ಳದ ದಂಡೆಯವರು ಓದುವುದು ಹೇಗೆ? ಕನ್ನಡದಲ್ಲಿ ಸಂಶೋಧನೆ ಸಾಧ್ಯವೆಂದು 1991ರಲ್ಲಿ ಹುಟ್ಟಿದ ಹಂಪಿಯ ವಿಶ್ವವಿದ್ಯಾಲಯ ತೋರಿಸಿದೆ. ಇಂಗ್ಲಿಷಿನಲ್ಲಿ ಬರೆಯುವವರೂ ಇಪ್ಪತ್ತು ಪುಟದ ಕನ್ನಡ ಸಾರಾಂಶ ಬರೆದು, ಒಂದು ಪ್ರತಿಯನ್ನು ಆಯಾ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮ ಮಾಡಲು ಏನು ಅಡ್ಡಿ?

ವಿದ್ಯಾರ್ಥಿವೇತನದ ಮಾತೂ ಇದೆ. 2015ರಲ್ಲಿ ಒಂದು ಬಗೆಯ ಸಂಶೋಧನಾ ವೇತನವನ್ನೇ ನಿಲ್ಲಿಸಹೊರಟಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಆಯೋಗದ ಕಚೇರಿಯೆದುರು ಬೀದಿಯಲ್ಲಿ ಕುಳಿತು ಹೋರಾಡಬೇಕಾಯಿತು. ವೇತನವಿಲ್ಲದೆ ಐದು ವರ್ಷ ಓದುವ ತಾಕತ್ತು ನೂಲುವವನ ಮಗಳಿಗೂ ಇಲ್ಲ, ಕಿರಾಣಿ ಅಂಗಡಿಯವನ ಮಗನಿಗೂ ಇಲ್ಲ. ಆಗ ನಮ್ಮ ಕೇರಿಯ ಕಥೆಯನ್ನು ಕೇರಿಯನ್ನೇ ಕಾಣದವರು ಬರೆಯುತ್ತಾರೆ.

ಆ ಹೆಣ್ಣುಮಗಳ ಮುಂದೆ ನಾವು ಎರಡು ಷರತ್ತು ಇಟ್ಟೆವು. ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು. ಬರೆದದ್ದನ್ನು ಮುಗಿಸುವ ಮುನ್ನ ಇಲ್ಲಿಗೇ ಬಂದು, ಹೇಳಿದವರೆದುರು ಕನ್ನಡದಲ್ಲಿ ಓದಬೇಕು. ಒಪ್ಪಿದ್ದಾಳೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಬರುತ್ತಾಳೆ. ಮನೆಯ ಅಟ್ಟದಲ್ಲಿ ಹಳೆಯ ಸಂಬಳದ ಚೀಟಿ, ಮುಷ್ಕರದ ಕರಪತ್ರ, ಗೇಟು ಪಾಸು ಇದ್ದವರು ತರಬೇಕು. ಅಂಗಡಿಯವರು ಮುಷ್ಕರದ ತಿಂಗಳುಗಳ ಉದ್ರಿ ಪುಸ್ತಕಗಳನ್ನು ದಯವಿಟ್ಟು ಹುಡುಕಿ ತನ್ನಿ. ವಸೂಲಾಗದ ಬಾಕಿಯೇ ಆಕೆಗೆ ಹೆಚ್ಚು ಬೇಕಾದದ್ದಂತೆ. ಕಾಗದಗಳನ್ನು ಕಚೇರಿಯಲ್ಲೇ ನಕಲು ಮಾಡಿಕೊಂಡು ಅಂದೇ ಹಿಂದಿರುಗಿಸಲಾಗುವುದು. ಕಪಾಟಿಗೆ ಗೆದ್ದಲಿನ ಔಷಧಿ ಹೊಡೆಸಿದ್ದೇವೆ.