ಬಣ್ಣಕ್ಕೆ ಮರುಳಾಗದೆ ಮಸಾಲೆ ಕೊಳ್ಳುವ ಬಗೆ

ಒರಳುಕಲ್ಲು ಅಡಿಗೆಮನೆಯ ಮೂಲೆ ಸೇರಿ ಬಹುಕಾಲವಾಯಿತು. ಅದರ ಸ್ಥಾನವನ್ನು ಸೀಸೆ, ಪೊಟ್ಟಣಗಳಲ್ಲಿ ದೊರೆಯುವ ರುಬ್ಬಿದ ಮಸಾಲೆ ಆಕ್ರಮಿಸುತ್ತಿದೆ. ಇದನ್ನು ಸೋಮಾರಿತನವೆಂದು ಹಳಿಯುವವರುಂಟು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂತಹ ಕಡೆಗಳಲ್ಲಿ ಪಾಳಿಯ ಮೇಲೆ ದುಡಿದು ಮನೆಗೆ ಮರಳುವವರಿಗೆ ಈ ಉಪದೇಶ ಸಲ್ಲದು. ಮಸಾಲೆಯನ್ನು ಕೊಳ್ಳುವುದು ತಪ್ಪಲ್ಲ. ಬಣ್ಣವೊಂದನ್ನೇ ನೋಡಿ ಕೊಳ್ಳುವುದು ತಪ್ಪು.

ಹೆಚ್ಚು ಕೆಂಪಾದುದೇ ಹೆಚ್ಚು ಖಾರವೂ ಉತ್ತಮವೂ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ರಸಾಯನಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವಿಗೆ ಬಣ್ಣವೇ ಇಲ್ಲ. ಕೆಂಪನ್ನು ಕೊಡುವುದು ಮುಖ್ಯವಾಗಿ ಕ್ಯಾಪ್ಸ್ಯಾಂಥಿನ್. ಗಜ್ಜರಿಯ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನ್ನಿನ ಬಳಗಕ್ಕೆ ಅದು ಸೇರಿದುದು. ಇವೆರಡೂ ಜೊತೆಜೊತೆಯಾಗಿಯೇ ಹೆಚ್ಚಬೇಕೆಂಬ ನಿಯಮವಿಲ್ಲ. ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. ಬೇಲೂರಿನ ಬಳಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ, ಹಾವೇರಿಗಳನ್ನು ದಾಟಿದರೆ ಸನಿಹದಲ್ಲಿಯೇ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣದಲ್ಲಿ ಗಾಢ, ಖಾರದಲ್ಲಿ ಸೌಮ್ಯ.

ಈ ಸಹಜವಾದ ಬಣ್ಣವು ಬೆಳಕು, ಗಾಳಿಗಳಿಗೆ ಸಿಕ್ಕಿ ಕ್ರಮೇಣ ಮಾಸುತ್ತದೆ. ಮಾಸಿದುದನ್ನು ಗಿರಾಕಿಯು ಮುಟ್ಟದಿದ್ದರೆ ಕೃತಕ ಬಣ್ಣ ಬೆರೆಸುವ ಪ್ರಲೋಭನೆ ಹುಟ್ಟುತ್ತದೆ. ಮೇಣ, ಎಣ್ಣೆ, ಬೂಟಿನ ಪಾಲಿಶುಗಳಿಗೆ ಬಳಸುವ ಸುಡಾನ್ ಬಣ್ಣವು ಮೆಣಸಿನ ಪುಡಿಯಲ್ಲಿ ಪತ್ತೆಯಾದುದರಿಂದ, ಆಮದಾಗುವ ಮೆಣಸಿಗೆ ಪರೀಕ್ಷಾಪತ್ರ ಬೇಕೆಂದು 2003ರಲ್ಲಿ ಯೂರೋಪಿನ ಒಕ್ಕೂಟವು ವಿಧಿಸಿತು. ಇಂತಹ ಮೋಸದಿಂದ ಉಣ್ಣುವವನಿಗೆ ಅಪಾಯ. ನಿಜವಾದ ಕೆಂಪನ್ನು ಬೆಳೆದ ರೈತನಿಗೂ ಅನ್ಯಾಯ.

ಹಾಗಾದರೆ ನೋಡತಕ್ಕದ್ದು ಏನನ್ನು? ಪೊಟ್ಟಣದ ಹಿಂಬದಿಯ ಪಟ್ಟಿಯನ್ನು. ನಮ್ಮ ದೇಶದ ನಿಯಮದಂತೆ ಅದರಲ್ಲಿ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೆಣಸು, ಕೊತ್ತಂಬರಿ, ಈರುಳ್ಳಿ, ಶುಂಠಿಗಳು ಮೊದಲು ಬಂದರೆ ಒಳ್ಳೆಯದು. ನೀರು, ಉಪ್ಪು, ಪಿಷ್ಟಗಳೇ ಮುಂದಿದ್ದರೆ ನಾವು ಹಣ ತೆರುತ್ತಿರುವುದು ಅವುಗಳಿಗೆ. ಥಾಯ್ ದೇಶದ ಕರಿ ಮಸಾಲೆಯಲ್ಲಿ ಸಾಮಾನ್ಯವಾಗಿ ಸೀಗಡಿಯೂ ಸೇರಿರುವುದರಿಂದ ಶಾಕಾಹಾರಿಗಳಿಗಂತೂ ಈ ಓದು ಅವಶ್ಯ.

ಪಟ್ಟಿಯಲ್ಲಿ ಹುಣಿಸೆ, ವಿನೆಗರ್ ಅಥವಾ ಸಿಟ್ರಿಕ್ ಆಮ್ಲವನ್ನು ಕಂಡು ಅಂಜಬೇಕಾಗಿಲ್ಲ. ಪಿಎಚ್ ಅಂಕವು 4.6ಕ್ಕಿಂತ ಕೆಳಗಿದ್ದರೆ, ಮಾರಕ ವಿಷವನ್ನು ಸ್ರವಿಸುವ ಬಾಟ್ಯುಲಿನಮ್ ಜೀವಾಣು ಬೆಳೆಯಲಾರದು. ಎಣ್ಣೆಗೆ ಈ ಶಕ್ತಿಯಿಲ್ಲ. ಅದು ಗಾಳಿಯನ್ನು ತಡೆದು, ಗಾಳಿಯಿಲ್ಲದೆಡೆ ಬೆಳೆಯುವ ಆ ಜೀವಾಣುವಿಗೇ ಅನುಕೂಲ ಮಾಡೀತು. 1985ರಲ್ಲಿ ಕೆನಡಾದ ವ್ಯಾಂಕೂವರಿನ ಉಪಾಹಾರಗೃಹವೊಂದರಲ್ಲಿ, ತಂಪಿನಲ್ಲಿಡದ ಎಣ್ಣೆಬೆಳ್ಳುಳ್ಳಿಯಿಂದ 36 ಜನರು ಈ ವಿಷಕ್ಕೆ ತುತ್ತಾದರು. ಮನೆಯಲ್ಲಿ ರುಬ್ಬಿ ಎಣ್ಣೆಯಲ್ಲಿ ಮುಳುಗಿಸಿಡುವವರೂ ಇದನ್ನು ನೆನಪಿಡಬೇಕು: ಅದನ್ನು ಶೀತಕದಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸತಕ್ಕದ್ದು.

ಕ್ಯಾಪ್ಸೈಸಿನ್, ಕ್ಯಾಪ್ಸ್ಯಾಂಥಿನ್‌ಗಳೆರಡೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದುದರಿಂದ ಕೊಂಡು ತಂದ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಬಾಡಿಸಿದರೆ, ಮಂಕಾಗಿ ಕಂಡದ್ದೂ ತನ್ನ ಬಣ್ಣ, ರುಚಿಗಳನ್ನು ಸಾರಿಗೆ ಬಿಟ್ಟುಕೊಡುತ್ತದೆ. ಅಂಗಡಿಯಲ್ಲಿ ಕೊಂಚ ಮಂಕಾದ ಮಸಾಲೆಯನ್ನು ಕಂಡಾಗ ಅದನ್ನು ಪಕ್ಕಕ್ಕೆ ಸರಿಸದೆ, ತಿರುಗಿಸಿ ಹಿಂಬದಿಯನ್ನು ಓದುವ ಅಭ್ಯಾಸವನ್ನು ವಾಚಕರು ಬೆಳೆಸಿಕೊಳ್ಳಲಿ. ಗಿರಾಕಿಯು ಬಣ್ಣವನ್ನು ಬೇಡುವುದು ನಿಂತರೆ, ಅದನ್ನು ಬೆರೆಸುವವರಿಗೂ ಲಾಭವಿರದು.