ಮಸೂರಗಳ ವ್ಯಾಜ್ಯ

ಕಳೆದ ದೀಪಾವಳಿಯ ಪಾಡ್ಯದ ದಿವಸ ನಾವು ಬೈಲಹೊಂಗಲದಲ್ಲಿರುವ ನಮ್ಮ ತಂಗಿಯ ಮನೆಗೆ ಹೋದಾಗ, ಫರಾಳದ ತಾಟು ಮುಂದೆ ಬರುವದಕ್ಕಿಂತ ಮೊದಲೇ ಒಂದು ವ್ಯಾಜ್ಯವು ಮುಂದೆ ಬಂದಿತು. ನಿವೃತ್ತನಾದ ಸಾಲೆಯ ಮಾಸ್ತರನನ್ನು ಬಂಧುವರ್ಗದವರು ಸಂಬಳವಿಲ್ಲದ ನ್ಯಾಯಾಧೀಶನೆಂದೇ ತಿಳಿದಿರುವರು. ನಾವೂ ಆ ಪದವಿಯನ್ನು ಒಲ್ಲೆನೆನ್ನುವವರಲ್ಲ. ಈ ಸಲ ವಾದಿಯು ತಂಗಿಯ ಸೊಸೆ. ಪ್ರತಿವಾದಿಯು ಆಕೆಯ ಗಂಡ, ಅಂದರೆ ನಮ್ಮ ಸೋದರಳಿಯ.

ಅಳಿಯನು ಫೋಟೋಗ್ರಾಫರನು. ತೀರಿಕೊಂಡ ತಂದೆಯು ಇಟ್ಟ ಸ್ಟುಡಿಯೋವನ್ನೇ ನಡಿಸಿಕೊಂಡು, ಮದುವೆ, ಕುಬಸ, ಜಾತ್ರೆಗಳ ಚಿತ್ರಗಳನ್ನು ತೆಗೆದು ಸಂಸಾರ ಸಾಗಿಸುವನು. ಅವನ ಹತ್ತಿರ ಇರುವ ಒಳ್ಳೆಯ ಕ್ಯಾಮೆರಾ ಒಂದೇ. ಅದಕ್ಕೆ ತೊಡಿಸುವ ಲೆನ್ಸುಗಳು ಮಾತ್ರ ನಾಲ್ಕು. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದನ್ನು ಕೊಳ್ಳುವಾಗ ಸೊಸೆಯ ಎರಡು ಪಾಟ್ಲಿಗಳು ಪತ್ತಿನ ಸಂಘದ ತಿಜೋರಿಯನ್ನು ಸೇರಿದ್ದವು. ವ್ಯಾಜ್ಯದ ಮೂಲವು ಇದೇ.

"ಮಾಮಾರ, 24ರಿಂದ 105ರ ತನಕಾ ಒಂದು ಐತಿ. 24ರಿಂದ 70ರ ತನಕಾ ಮತ್ತೊಂದು ಐತಿ. 70ರಿಂದ 200ರ ತನಕಾ ಇನ್ನೊಂದು. ಇದ್ದ ಹೊಲಾನ ಎರಡ ಸಲಾ ಯಾರರ ಕೊಳ್ತಾರೇನ್ರಿ?" ಎಂದು ಆಕೆ ಕೇಳಿದಳು. ಅಳಿಯನು ತಲೆ ತಗ್ಗಿಸಿ, "ಮಾಮಾ, ಅದು ಬ್ಯಾರೆ, ಇದು ಬ್ಯಾರೆ" ಎಂದಷ್ಟೇ ಹೇಳಿದನು. ಯಾತಕ್ಕೆ ಬೇರೆಯೆಂಬದನ್ನು ಹೇಳಲು ಅವನಿಗೆ ಬರಲಿಲ್ಲ. ಕೈ ಬಲ್ಲದ್ದನ್ನು ಬಾಯಿ ಬಲ್ಲದೆ ಇರುವದು ಕಸಬುದಾರರಲ್ಲಿ ಹೊಸದೇನಲ್ಲ.

ಈ ಅಂಕಿಗಳೆಂದರೇನೆಂದು ನಮ್ಮ ವಾಚಕ ಭಗಿನಿಯರು ಕೇಳಬಹುದು. ಲೆನ್ಸಿಗೆ ಸಂಸ್ಕೃತದಿಂದ ಬಂದ ಹೆಸರು ಮಸೂರ. ಆಕಾರವು ಮಸೂರ ಬೇಳೆಯಂತೆ ಇರುವದರಿಂದ ಈ ಹೆಸರು. ಲ್ಯಾಟಿನ್ ಭಾಷೆಯ ಲೆನ್ಸ್ ಶಬ್ದಕ್ಕೂ ಅದೇ ಬೇಳೆಯೇ ಅರ್ಥವೆಂಬದು ಒಂದು ವಿನೋದವು. ಹುಡುಗರು ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದವನ್ನು ಸುಡುವದುಂಟಷ್ಟೆ? ಸೂರ್ಯನ ಬಿಂಬವು ಅತ್ಯಂತ ಚಿಕ್ಕದಾಗಿ ಕಾಗದದ ಮೇಲೆ ಮೂಡಿದಾಗ, ಗಾಜಿಗೂ ಕಾಗದಕ್ಕೂ ಇರುವ ಅಂತರವೇ ಸಂಗಮದೂರವು. ಕ್ಯಾಮೆರಾದ ಲೆನ್ಸುಗಳಲ್ಲಿ ಇದನ್ನು ಮಿಲಿಮೀಟರುಗಳಲ್ಲಿ ಹೇಳುವರು. ಸಂಗಮದೂರವು ಕಡಿಮೆಯಿದ್ದಷ್ಟು ನೋಟವು ಅಗಲ. ಹೆಚ್ಚಿದಷ್ಟು ನೋಟವು ಕಿರಿದು, ದೂರದ ವಸ್ತುವು ದೊಡ್ಡದು. 36 ಕ್ಕೆ 24 ಮಿಲಿಮೀಟರಿನ ಚಿತ್ರಫಲಕವುಳ್ಳ ಅಳಿಯನ ಕ್ಯಾಮೆರಾದಲ್ಲಿ 24ರ ನೋಟವು ಮೂಲೆಯಿಂದ ಮೂಲೆಗೆ 84 ಅಂಶ, 70ರದು 34, 200ರದು ಬರೇ 12. ತಿರುವಿದರೆ ಸಂಗಮದೂರವು ಬದಲಾಗುವ ಲೆನ್ಸಿಗೆ ಜೂಮ್ ಎನ್ನುವರು.

ಅದೇ ಅಕ್ಟೋಬರ ತಿಂಗಳಲ್ಲಿ ಕಿತ್ತೂರು ಉತ್ಸವಕ್ಕೆ ಅಳಿಯನ ಸಂಗಡ ನಾವೂ ಹೋಗಿದ್ದೆವು. 1824ರ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ದಂಡು ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗೆ ನಡೆಯುವ ಉತ್ಸವವದು. ಮುರಿದು ನಿಂತ ಅರಮನೆಯ ಗೋಡೆಗಳನ್ನು ಅವನು 24–70ರಿಂದ ತೆಗೆದನು. ಸಂಜೆ ದೂರದ ವೇದಿಕೆಯನ್ನು 70–200ರಿಂದ ತೆಗೆದನು. 24–105 ಚೀಲದಿಂದ ಹೊರಗೆ ಬರಲೇ ಇಲ್ಲ. ಇದನ್ನು ಕಣ್ಣಾರೆ ಕಂಡವರಾದ ನಮಗೆ ತೀರ್ಪು ಕೊಡುವದು ಸುಲಭವಾಗಿ ತೋರಿತು. 24ರಿಂದ 70, 70ರಿಂದ 200; ನಡುವೆ ಬಿರುಕಿಲ್ಲ, ಮೇಲೆ ಮೇಲೆ ಹೇರಿಕೆಯಿಲ್ಲ. ಮೂರನೆಯದು ಶುದ್ಧ ಪುನರುಕ್ತಿದೋಷವು. "ತಮ್ಮಾ, 24–105 ಮಾರಿಬಿಡು" ಎಂದು ಹೇಳಿ ನಾವು ಚಕ್ಕುಲಿಯನ್ನು ಕೈಗೆತ್ತಿಕೊಂಡೆವು. ಸೊಸೆಯ ಮುಖವು ಅರಳಿತು. ಅಳಿಯನು ಮರುಮಾತಾಡಲಿಲ್ಲ. ಕೆಲವು ವಾರಗಳ ಮೇಲೆ ರಾಮದುರ್ಗದ ಒಬ್ಬ ತರುಣ ಫೋಟೋಗ್ರಾಫರನು ಅರ್ಧ ಹಣವನ್ನು ಮುಂಗಡ ಕೊಟ್ಟು, ನೋಡಿ ಕೊಳ್ಳುವೆನೆಂದು ಆ ಲೆನ್ಸನ್ನು ಒಯ್ದನು.

ಭಾರತ ಹುಣ್ಣಿಮೆ ಬಂದಿತು. ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಆ ದಿವಸ ನೋಡಿದವರಿಗೆ ವರ್ಣನೆ ಬೇಡ, ನೋಡದವರಿಗೆ ವರ್ಣನೆ ಸಾಲದು. ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಕಾಲುನಡಿಗೆಯ ಜನವೂ ಎಲ್ಲ ದಿಕ್ಕಿನಿಂದ ಏರಿ ಬರುವರು. "ಉಧೋ ಉಧೋ" ಎಂಬ ಘೋಷಕ್ಕೆ ಕೊನೆಯಿಲ್ಲ. ಎರಚಿದ ಭಂಡಾರದಿಂದ ನೆಲ, ಮೈ, ಗಾಳಿಯೆಲ್ಲ ಅರಿಷಿಣವರ್ಣ. ಒಂದು ಮನೆತನದವರು ಕೂಸಿನ ಜವಳದ ಹರಕೆಗೆಂದು ಬಂದಿದ್ದರು. ಚಿತ್ರಗಳ ಕೆಲಸವು ಅಳಿಯನದು. ನಾವೂ ತಂಗಿಯೂ ದೇವಿಯ ದರ್ಶನ ತೀರಿಸಿಕೊಂಡು ಅಲ್ಲಿಯೇ ನಿಂತಿದ್ದೆವು.

ಇಡೀ ಬಳಗವನ್ನು ಒಂದೇ ಚೌಕಟ್ಟಿನಲ್ಲಿ ತರಲು ಅಗಲವಾದ ನೋಟ ಬೇಕು. ಮರುಕ್ಷಣವೇ ಅಜ್ಜಿಯ ಕಣ್ಣೀರಿಗೆ 85ರ ಆಸುಪಾಸಿನ ನೋಟ ಬೇಕು. ನೂಕುನುಗ್ಗಲಿನಲ್ಲಿ ಮುಂದೆ ಸರಿಯಲು ಜಾಗವಿಲ್ಲ. ಅಳಿಯನು ಜನಕ್ಕೆ ಬೆನ್ನು ಮಾಡಿ, ಕ್ಯಾಮೆರಾವನ್ನು ಎದೆಗವಚಿಕೊಂಡು 24–70ನ್ನು ಕಳಚಿ 70–200ನ್ನು ತೊಡಿಸಿದನು. ಮತ್ತೆ ಅದನ್ನು ಕಳಚಿ ಇದನ್ನು ತೊಡಿಸಿದನು. ಹೀಗೆ ಮೂರು ಸಲ. ಮೂರನೆಯ ಸಲ ಒಂದು ಲೆನ್ಸು ಬಲಗೈಯಲ್ಲಿ, ಒಂದು ಕಂಕುಳಲ್ಲಿ ಇರುವಾಗ ಕೂಸಿನ ಮೊದಲನೆಯ ಕೂದಲು ಸೋದರಮಾವನ ಉಡಿಯಲ್ಲಿ ಬಿದ್ದಿತು. ಆ ಚಿತ್ರವು ಯಾರಲ್ಲಿಯೂ ಇಲ್ಲ. ಬಾಯಿ ತೆರೆದ ಕ್ಯಾಮೆರಾದೊಳಗೆ ಭಂಡಾರವು ಹೊಕ್ಕಿದ್ದು ರಾತ್ರಿ ಮನೆಗೆ ಬಂದ ಮೇಲೆ ಗೊತ್ತಾಯಿತು: ಚಿತ್ರ ಚಿತ್ರದಲ್ಲಿಯೂ ಆಕಾಶದ ಅದೇ ಅದೇ ಜಾಗದಲ್ಲಿ ಕಪ್ಪು ಕಲೆಗಳು. ಬಿಸಿಲು ಹೆಚ್ಚಿದ್ದರಿಂದ ಬೆಳಕಿನ ಕಿಂಡಿಯನ್ನು ಬಹಳ ಕಿರಿದು ಮಾಡಿದ್ದನಂತೆ. ಕಿಂಡಿ ಕಿರಿದಾದಷ್ಟು ಚಿತ್ರಫಲಕದ ಮೇಲಿನ ಧೂಳಿನ ನೆರಳು ಸ್ಪಷ್ಟವಾಗುವದು. ಫಲಕವನ್ನು ಹುಬ್ಬಳ್ಳಿಯಲ್ಲಿ ಸ್ವಚ್ಛ ಮಾಡಿಸಬೇಕಾಯಿತು. ಗಿರಾಕಿಯು ಒಪ್ಪಿದ ಹಣದಲ್ಲಿ ಒಂದಿಷ್ಟನ್ನು ಹಿಡಿದನು. ಅಳಿಯನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಗುರುಗಳಿಂದ ಕಲಿತದ್ದನ್ನು ಅರವತ್ತರಲ್ಲಿ ಮರೆತು ತೀರ್ಪು ಕೊಟ್ಟಿದ್ದೆವು. ನ್ಯಾಯಶಾಸ್ತ್ರವು ಪುನರುಕ್ತವನ್ನು ದೋಷವೆಂದು ಹೇಳುವಾಗಲೇ ಅನುವಾದವನ್ನು ಅದರಿಂದ ಹೊರಗಿಡುವದು: ಪ್ರಯೋಜನವಿಲ್ಲದೆ ಮತ್ತೆ ಹೇಳಿದರೆ ಪುನರುಕ್ತ, ಪ್ರಯೋಜನವಿದ್ದು ಮತ್ತೆ ಹೇಳಿದರೆ ಅನುವಾದ. ವೇದದ ಕ್ರಮಪಾಠವನ್ನಾದರೂ ನೆನೆಯಬಾರದೇ? ಮೊದಲನೆಯ ಪದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು, ಮೂರನೆಯದಕ್ಕೆ ನಾಲ್ಕನೆಯದು. ಪ್ರತಿಯೊಂದು ಜೋಡಿಯೂ ಹಿಂದಿನ ಜೋಡಿಯ ಒಂದು ಪದವನ್ನು ಎತ್ತಿಕೊಂಡೇ ಮುಂದಕ್ಕೆ ಹೋಗುವದು. ಜಿಪುಣನಿಗೆ ಅದು ದಂಡವಾಗಿ ಕಂಡೀತು. ಆದರೆ ಪಾಠವು ಕೆಡದೆ ಉಳಿಯಲೆಂದೇ ಆ ಹೇರಿಕೆ.

ಮರುದಿನ ಮುಂಜಾನೆ ಅಳಿಯನನ್ನು ಕರೆದು, ಹಳೆಯ ಚಿತ್ರಗಳನ್ನೆಲ್ಲ ಗಣಕಯಂತ್ರದಲ್ಲಿ ತೆಗೆಯಲು ಹೇಳಿದೆವು. ಈಗಿನ ಕ್ಯಾಮೆರಾಗಳು ಪ್ರತಿಯೊಂದು ಚಿತ್ರದ ಸಂಗಡ ಅದನ್ನು ತೆಗೆದ ಸಂಗಮದೂರವನ್ನೂ ಬರೆದಿಡುವವು. ದಫ್ತರ ಬರೆಯುವದರಲ್ಲಿ ಅವು ನಮ್ಮ ಸಾಲೆಯ ಕಾರಕೂನನಿಗಿಂತ ಪ್ರಾಮಾಣಿಕವಾದವು. ನಾವಿಬ್ಬರೂ ಕೂಡ್ರು, ಮದುವೆಗೊಂದು, ಜಾತ್ರೆಗೊಂದು ಕಟ್ಟು ತೆಗೆದು ನೋಡಿದೆವು. 24–105ರಿಂದ ತೆಗೆದವುಗಳಲ್ಲಿ ಬಹುಪಾಲು 60ಕ್ಕೂ 100ಕ್ಕೂ ನಡುವೆ ಇದ್ದವು. ಅಳಿಯನ ಕಣ್ಣು ಜನರ ಮುಖದ ಮೇಲೆ. ಮುಖಕ್ಕೆ ಒಪ್ಪುವದು ಅದೇ ಅಳತೆ. ಅಂದ ಮೇಲೆ 70ಕ್ಕೆ ಒಂದು ಲೆನ್ಸು ಮುಗಿದು ಇನ್ನೊಂದು ಪ್ರಾರಂಭವಾಗುವ ಏರ್ಪಾಡು, ಮೊಣಕೈಯ ಮೇಲೆಯೇ ಹೊಲಿಗೆ ಬಂದ ಅಂಗಿಯಂತೆ ಆಯಿತು. ಕೈ ಮಡಿಚಿದಾಗಲೆಲ್ಲ ಅಲ್ಲಿಯೇ ಬಿಚ್ಚುವದು. ಕಿತ್ತೂರಿನಲ್ಲಿ ಇದು ಕಾಣಲಿಲ್ಲ. ಯಾಕಂದರೆ ಅಲ್ಲಿ ಗೋಡೆಗಳು ಓಡಿ ಹೋಗುವದಿಲ್ಲ, ಲೆನ್ಸು ಬದಲಿಸಲು ಸಾವಕಾಶವಿತ್ತು.

70ರಿಂದ 105ರ ವರೆಗಿನ ಹೇರಿಕೆಯು ಹೀಗೆ ಅನುವಾದವೇ ಸರಿ. ಆದರೆ 24ರಿಂದ 70ರ ವರೆಗೆ ಎರಡು ಲೆನ್ಸುಗಳಿದ್ದದ್ದು? ಸೊಸೆಯ ಪ್ರಶ್ನೆಯು ಅಲ್ಲಿ ಹಾಗೆಯೇ ನಿಂತಿತ್ತು. 24–70ರ ಕಿಂಡಿಯು 2.8ರ ವರೆಗೆ ತೆರೆಯುವದು, 24–105ರದು 4ರ ವರೆಗೆ ಮಾತ್ರ. ಅಂದರೆ ಮೊದಲನೆಯದು ಎರಡರಷ್ಟು ಬೆಳಕನ್ನು ಒಳಗೆ ಬಿಡುವದು. ಸಣ್ಣ ಲಾಭವಲ್ಲ. "ನಿನಗೆ ಆ ಬೆಳಕು ಯಾವಾಗ ಬೇಕಾಯಿತು, ತೋರಿಸು" ಎಂದೆವು. ಅಳಿಯನು ಬಹಳ ಹೊತ್ತು ಹುಡುಕಿದನು. ಮಂಗಲ ಕಾರ್ಯಾಲಯಗಳಲ್ಲಿ ವಿಡಿಯೋದವರ ದೀಪಗಳೇ ಕಣ್ಣು ಕುಕ್ಕುವವು. ನಿಜವಾಗಿ ಕತ್ತಲೆಯಿದ್ದಲ್ಲಿ ಅವನು ತೆಗೆದದ್ದೆಲ್ಲ ನಾಲ್ಕನೆಯ ಲೆನ್ಸಿನಿಂದ. ಅದರ ಮಾತನ್ನು ಆಮೇಲೆ ಹೇಳುವೆವು.

ಅಳಿಯನೊಡನೆ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋದೆವು. ಕೊಟ್ಟ ಮಾತನ್ನು ಹಿಂದಕ್ಕೆ ಬೇಡುವದು ಹಿರಿಯರಿಗೆ ಶೋಭಿಸುವ ಕೆಲಸವಲ್ಲ; ದಾರಿಯುದ್ದಕ್ಕೂ ನಾವು ಮೌನವಾಗಿಯೇ ಕೂತಿದ್ದೆವು. 1948ರ ವರೆಗೆ ಭಾವೆ ಮನೆತನದ ಸಂಸ್ಥಾನದ ರಾಜಧಾನಿಯಾಗಿದ್ದ ಊರದು. ತರುಣನು ನಮ್ಮನ್ನು "ಅಜ್ಜಾರ, ಬರ್ರಿ" ಎಂದು ಒಳಗೆ ಕರೆದು, ಚಹಾ ತರಿಸಿ, ನಾವು ಬಾಯಿ ತೆರೆಯುವ ಮೊದಲೇ ತನ್ನ ತಕರಾರನ್ನು ಹೇಳಿದನು: ಲೆನ್ಸು ಒಳ್ಳೆಯದು, ಆದರೆ ತನಗೆ ಕತ್ತಲೆಯಾಯಿತು! ಅವನ ಕೆಲಸವು ಹೆಚ್ಚಾಗಿ ರಾತ್ರಿಯದು. ಗೊಡಚಿಯ ವೀರಭದ್ರನ ಜಾತ್ರೆ, ನಾಟಕಗಳು, ಭಜನೆಯ ಮೇಳಗಳು. ಅಲ್ಲದೆ ಅವನ ಹತ್ತಿರ ಕ್ಯಾಮೆರಾಗಳು ಎರಡು. ಒಂದಕ್ಕೆ 70–200 ಯಾವಾಗಲೂ ತೊಡಿಸಿದ್ದೇ. ಕಳಚುವ ಪ್ರಸಂಗವೇ ಇಲ್ಲದವನಿಗೆ ಹೇರಿಕೆ ಯಾತಕ್ಕೆ? ಒಬ್ಬನಿಗೆ ಅನುವಾದವಾದದ್ದು ಇನ್ನೊಬ್ಬನಿಗೆ ಪುನರುಕ್ತ. ಅಳಿಯನ 24–70ನ್ನು ಅವನು ಕಣ್ಣಿಗೆ ಹಚ್ಚಿಕೊಂಡು ನೋಡಿ, ಹೆಚ್ಚಿನ ಬೆಲೆಯನ್ನು ಎಣಿಸಿ ಕೊಟ್ಟನು. ನಮ್ಮ 24–105 ಚೀಲಕ್ಕೆ ಮರಳಿತು. ಸಾಲವು ತೀರಿ, ಎರಡು ಪಾಟ್ಲಿಗಳೂ ಮನೆಗೆ ಬಂದವು.

ಇಷ್ಟಕ್ಕೆ 24–105 ನಿರ್ದೋಷಿಯೆಂದಲ್ಲ. ತಿರುವಿದಾಗ ಉದ್ದವಾಗುವ ಲೆನ್ಸು ಗಾಳಿಯನ್ನು ಎಳೆದುಕೊಳ್ಳುವದು, ಗಾಳಿಯ ಸಂಗಡ ಧೂಳನ್ನೂ. ಅದಕ್ಕಾಗಿ ಅಳಿಯನು ಈಗ ಗುಡ್ಡದ ಮೇಲೆ ಅದಕ್ಕೊಂದು ಪ್ಲಾಸ್ಟಿಕ್ ಚೀಲವನ್ನು ಮುಸುಕು ಹಾಕುವನು. ಮನೆಯ ಮಕ್ಕಳ ಚಿತ್ರ ತೆಗೆಯಲು ಕ್ಯಾಮೆರಾ ಕೊಳ್ಳುವವರಿಗಂತೂ ಈ ಚರ್ಚೆಯೇ ಬೇಡ. ಸಂಗಡ ಬರುವ 18–55 ಅವರಿಗೆ ಸಾಕು. ಎಂದಾದರೂ 55–250ನ್ನು ಕೊಂಡರೂ ನಡುವೆ ಹೇರಿಕೆ ಇಲ್ಲವೆಂದು ಅವರ ಕೂಸು ಓಡಿ ಹೋಗುವದಿಲ್ಲ.

ಪಾಟ್ಲಿಗಳು ಬಂದ ದಿವಸ ಸೊಸೆಯು ಅವುಗಳನ್ನು ತೊಟ್ಟುಕೊಂಡು ನಮಗೆ ನಮಸ್ಕಾರ ಮಾಡಿದಳು. ಎದ್ದವಳೇ, "ಮಾಮಾರ, ಇನ್ನ ಆ 50ರದು? ಅದೂ 24–105ರ ಹೊಟ್ಟಿಯೊಳಗ ಬರತೈತಲ್ರಿ?" ಎಂದಳು. ಆಕೆಯು ನ್ಯಾಯವಾದಿಯಾಗಬೇಕಾಗಿತ್ತು!

ಅಹುದು, ಬರುವದು. ನಾಲ್ಕನೆಯ ಲೆನ್ಸು ಅದೇ. ಜೂಮ್ ಅಲ್ಲ, 50 ಎಂದರೆ 50. ಆಕೆಯ ಮಾವನವರು ರೀಲಿನ ಕಾಲದಲ್ಲಿ ಕ್ಯಾಮೆರಾದ ಸಂಗಡ ಕೊಂಡದ್ದು. ಛಾಯಾಚಿತ್ರದ ಕ್ಯಾಮೆರಾಗಳಿಗೆಂದು ಜೂಮ್ ಲೆನ್ಸು ಮಾರಾಟಕ್ಕೆ ಬಂದದ್ದೇ 1959ರಲ್ಲಿ, ಜರ್ಮನಿಯ ಫೊಯ್ಗ್ಟ್‌ಲೆಂಡರ್ ಕಂಪನಿಯ 36–82. ಅದಕ್ಕಿಂತ ಮೊದಲಿನವರಿಗೆ ಹೇರಿಕೆಯ ವ್ಯಾಜ್ಯವೇ ಗೊತ್ತಿರಲಿಲ್ಲ. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸ್ಸೋನ್ ತಮ್ಮ ಬಹುತೇಕ ಚಿತ್ರಗಳನ್ನು 50ರ ಒಂದೇ ಲೆನ್ಸಿನಿಂದ ತೆಗೆದರು. ಈ ಲೆನ್ಸಿನ ತೂಕವು ಇನ್ನೂರು ಗ್ರಾಮಿಗಿಂತ ಕಡಿಮೆ. 70–200 ಒಂದೂವರೆ ಕಿಲೋದ ಭಾರ. ಆದರೆ ಇದರ ಕಿಂಡಿಯು 1.8ರ ವರೆಗೆ ತೆರೆಯುವದು. 24–105ರ ಐದರಷ್ಟು ಬೆಳಕು. ಇದನ್ನು ಲೆಕ್ಕ ಮಾಡಿ ಸೊಸೆಗೆ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ತಂಗಿಯು ದೇವರ ಮುಂದಿನ ದೀಪವನ್ನು ಜಗಲಿಗೆ ತಂದಿಟ್ಟಳು. ಅಳಿಯನು ಏನೂ ಹೇಳದೆ ಚೀಲದಿಂದ ಆ ಹಳೆಯ ಲೆನ್ಸನ್ನು ತೆಗೆದು ತೊಡಿಸಿ, "ಕೈ ಹಂಗ ಇರಲಿ, ಅಳ್ಳಾಡಬ್ಯಾಡ" ಎಂದು ಹೆಂಡತಿಗೆ ಹೇಳಿದನು. ದೀಪದ ಬೆಳಕಿನಲ್ಲಿ ಪಾಟ್ಲಿಗಳು ಮಿನುಗುತ್ತಿದ್ದವು.

ಚಿತ್ರವನ್ನು ನೋಡಿ ಆಕೆ, "ಹಂಗಾರ ಇದು ಇರಲಿ" ಎಂದಳು.