ಹೊಳೆಯುವ ನಳ, ದಾರದಂಥ ನೀರು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ರಿಪೇರಿ ಅಂದರೆ ಈಗ ಮೊದಲು ಬದಲಾಗುವುದು ಅಡಿಗೆಮನೆಯ ನಳ. ಹಳೇ ಹಿತ್ತಾಳೆ ನಳ ಗುಜರಿಗೆ, ಉದ್ದ ಕತ್ತಿನ, ಒಂದೇ ಹಿಡಿಕೆಯ ಹೊಸ ನಳ ಸಿಂಕಿಗೆ. ಸಾವಿರಾರು ರೂಪಾಯಿ ಎಣಿಸಿಕೊಟ್ಟು ತಿರುವಿದರೆ ದಾರದಷ್ಟು ನೀರು! ಕೇಳಿದರೆ ಅಂಗಡಿಯವ ಪ್ಲಂಬರನತ್ತ ಕೈ ತೋರಿಸುತ್ತಾನೆ, ಪ್ಲಂಬರ ಪಾಲಿಕೆಯತ್ತ, ಪಾಲಿಕೆ ಮಲಪ್ರಭೆಯತ್ತ.

ತಪ್ಪು ಯಾರದ್ರೀ? ಬಹಳಷ್ಟು ಮನೆಗಳಲ್ಲಿ ಉತ್ತರ ಮಾಳಿಗೆ ಮೇಲೇ ಕೂತಿದೆ. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಅವಳಿ ನಗರದ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು. ಉಳಿದವರು ಟಾಕಿ ನಂಬಿಯೇ ಸಂಸಾರ ಮಾಡಿದರು. ಟಾಕಿ ನೀರಿಗೆ ಇರುವುದು ಎತ್ತರದ ಒತ್ತಡ ಮಾತ್ರ. ಲೆಕ್ಕ ಸರಳ: 33 ಅಡಿ ಎತ್ತರಕ್ಕೆ ಸುಮಾರು ಒಂದು ಬಾರ್. ನಿಮ್ಮ ಟಾಕಿ ನಳಕ್ಕಿಂತ 9-10 ಅಡಿ ಮೇಲಿದ್ದರೆ ಸಿಗುವುದು ಕಾಲು ಬಾರಿಗಿಂತ ತುಸು ಹೆಚ್ಚು, ಅಷ್ಟೇ. ಬಹಳಷ್ಟು ಹೊಸ ಮಾದರಿಯ ನಳಗಳು ಅರ್ಧ ಬಾರ್, ಒಂದು ಬಾರ್ ಕೇಳುತ್ತವೆ. ಮಹಡಿ ಮೇಲೆ ಅಡಿಗೆಮನೆ ಇದ್ದವರ ಪಾಡು ಇನ್ನೂ ಕಷ್ಟ.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಹಳೇ ನಳ ಪೂರ್ತಿ ಬಿಟ್ಟು 10 ಲೀಟರ್ ಬಕೆಟ್ ಇಡಿ. ಒಂದು ನಿಮಿಷಕ್ಕೆ ತುಂಬಿದರೆ ಚಿಂತೆಯಿಲ್ಲ. ಎರಡು ನಿಮಿಷ ದಾಟಿದರೆ ಮೊದಲು ರಿಪೇರಿ ಬೇಕಾದ್ದು ಪೈಪಿಗೆ, ನಳಕ್ಕಲ್ಲ. ಟಾಕಿಯಿಂದ ಇಳಿಯುವ ಪೈಪು ಅರ್ಧ ಇಂಚಿದ್ದರೆ ಮುಕ್ಕಾಲು ಅಥವಾ ಒಂದು ಇಂಚು ಮಾಡಿಸಿ, ತಿರುವು ಕಡಿಮೆ ಮಾಡಿಸಿ. ಕಡಿಮೆ ಒತ್ತಡಕ್ಕೆ ಅಗಲ ಬಾಯಿಯ, ಕಾಲು ಸುತ್ತಿಗೆ ಪೂರ್ತಿ ತೆರೆಯುವ ಸಾದಾ ನಳವೇ ವಾಸಿ. ಮೂತಿಯ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಿರಿ, ಉಪ್ಪು ಕಟ್ಟಿದ್ದರೆ ನಿಂಬೆರಸದಲ್ಲಿ ನೆನೆಸಿ. ಪಂಪು ಕೊನೆಯ ಮಾತು. ಅದನ್ನೂ ಪಾಲಿಕೆಯ ಲೈನಿಗೆ ಮಾತ್ರ ಹಚ್ಚಬೇಡಿ. ನೆರೆಯವರ ನೀರು ಕಸಿದಂತಾಗುತ್ತದೆ, ಒಡೆದ ಪೈಪಿನಿಂದ ಗಟಾರದ ಹೊಲಸೂ ಒಳಗೆ ಬರುತ್ತದೆ.

ಹಾಗಂತ ಪಾಲಿಕೆ ಕೈ ತೊಳೆದುಕೊಳ್ಳುವಂತಿಲ್ಲ. ಕೇಂದ್ರ ಸರಕಾರದ 1999ರ ಕೈಪಿಡಿ ಒಂದಂತಸ್ತಿನ ಮನೆಗಳಿದ್ದಲ್ಲಿ ಪೈಪಿನಲ್ಲಿ ಕನಿಷ್ಠ 7 ಮೀಟರ್, ಎರಡಂತಸ್ತಿನವಕ್ಕೆ 12 ಮೀಟರ್ ಒತ್ತಡ ಇರಬೇಕು ಎಂದಿತ್ತು. 7 ಮೀಟರ್ ಅಂದರೆ 23 ಅಡಿ, ನಿಮ್ಮ ಟಾಕಿಯ ಒತ್ತಡದ ಎರಡು ಪಟ್ಟಿಗೂ ಹೆಚ್ಚು! ನೀರು ನಿರಂತರ ಬರುವ ಓಣಿಯಲ್ಲಿ ಅಡಿಗೆಮನೆಯ ನಳವನ್ನು ಟಾಕಿ ಬಿಟ್ಟು ಮೀಟರಿನ ಲೈನಿಗೇ ಜೋಡಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಆದರೆ ತಮ್ಮ ಓಣಿಯ ಒತ್ತಡ ಎಷ್ಟೆಂದು ಜನರಿಗೆ ಹೇಳುವವರು ಯಾರು? ನೀರಿನ ಬಿಲ್ಲಿನಲ್ಲಿ ಬಾಕಿ ಎಷ್ಟೆಂದು ಅಚ್ಚು ಹಾಕುವವರು ಒತ್ತಡ ಎಷ್ಟೆಂದೂ ಒಂದು ಸಾಲು ಹಾಕಲಿ. ಅಂಗಡಿಯವರೂ ಡಬ್ಬಿಯ ಮೇಲಿನ 'ಬಾರ್' ಎಷ್ಟೆಂದು ಓದಿ ಹೇಳಿಯೇ ದುಡ್ಡು ಇಸಿದುಕೊಳ್ಳಲಿ.